ಆರು ಸೆಕೆಂಡಿನ ಸಾಕ್ಷಿ

“ಸಹಿ ಹಾಕಲ್ಲ ಅಣ್ಣಾ. ಇದು ಕತ್ತರಿ ಹಿಡಿಯೋ ಕೈ. ಸುಳ್ಳಿಗೆ ಸಹಿ ಹಾಕೋ ಕೈ ಅಲ್ಲ.”

ಮಂಗಳವಾರ ಬೆಳಿಗ್ಗೆ ಗಡಿಯಾರ ರಿಪೇರಿಯವರು ಅಂಗಡಿ ತೆರೆದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಒಂದು ಹಳೆಯ ಕೈಗಡಿಯಾರದ ಹೊಟ್ಟೆ ಬಿಚ್ಚಿದ್ದರಷ್ಟೆ. ಪಕ್ಕದ ಅಂಗಡಿಯ ಟೈಲರಕ್ಕ ಒಳನುಗ್ಗಿ ಒಂದು ಕಾಗದವನ್ನು ಮೇಜಿನ ಮೇಲೆ ಬಡಿದಳು. ಆ ರಭಸಕ್ಕೆ ಎಳ್ಳುಕಾಳಿಗಿಂತ ಸಣ್ಣ ತಿರುಪೊಂದು ಎಗರಿ ಎಲ್ಲೋ ಹೋಯಿತು. ಗಡಿಯಾರದವರು ಬೈಯಲಿಲ್ಲ. ತಿರುಪು ಎಲ್ಲಿಗೆ ಓಡೀತು, ನೆಲದ ಮೇಲೇ ತಾನೇ ಇರಬೇಕು, ಆಮೇಲೆ ಹುಡುಕಿದರಾಯಿತು ಎಂದುಕೊಂಡು ಕಾಗದ ಎತ್ತಿಕೊಂಡರು.

ಅವರು ಓದಿದ್ದು ನಾಲ್ಕನೇ ಕ್ಲಾಸು. ಸಾಲಿನ ಮೇಲೆ ಬೆರಳಿಟ್ಟುಕೊಂಡು ಓದಿದರು. ‘ಭಾನುವಾರ ನಡೆದ ತುರ್ತು ಸಂದೇಶಗಳ ಅಭ್ಯಾಸದ ವೇಳೆ ನಾನು ಆಡಿಯೋ ಲೆವೆಲ್ ಮಿತಿಮೀರಿ ಏರಿಸಿ, ಯಂತ್ರವನ್ನು ಕೂಗಲು ಬಿಟ್ಟು, ಜಾಗ ಬಿಟ್ಟು ಹೋಗಿದ್ದೆ. ಇದರಿಂದ ಮೂರು ಬೆಟ್ಟದ ಕೇಂದ್ರಗಳ ಸಂದೇಶಗಳು ಕೆಟ್ಟವು. ಸಂಘದ ಕೇಂದ್ರದ ಹೊಣೆಯನ್ನೂ ಕೀಲಿಯನ್ನೂ ಒಪ್ಪಿಸುತ್ತಿದ್ದೇನೆ.’ ಕೆಳಗೆ ಸಹಿಗೆ ಜಾಗ ಖಾಲಿಯಿತ್ತು.

“ಯಾರು ಬರೆದಿದ್ದು?”

“ಇನ್ಯಾರು, ಸಂಘದ ಅಧ್ಯಕ್ಷರು, ಹೆಡ್‌ಮಾಷ್ಟ್ರು. ಕಾಪಿ ಬರೆಸೋ ಚಟ ರಿಟೈರ್ ಆದ್ರೂ ಹೋಗಿಲ್ಲ. ಸಾಯಂಕಾಲ ಐದಕ್ಕೆ ಬೆಟ್ಟದ ಹವಾಮಾನ ಕೇಂದ್ರದವರ ವರದಿ ಲೈಸೆನ್ಸ್ ಕಚೇರಿಗೆ ಹೋಗುತ್ತಂತೆ. ಅದರ ಜೊತೆ ಇದೂ ಹೋಗಬೇಕಂತೆ. ಹೋದ್ರೆ ನನ್ನ ಲೈಸೆನ್ಸ್ ಮುಗೀತು. ಮೂರು ವರ್ಷ ಮಿಷನ್ ತುಳೀತಾ ತುಳೀತಾ ಓದಿ ಪಾಸಾಗಿದ್ದು ಅಣ್ಣಾ ಅದು.”

ಗಡಿಯಾರದವರು ಮಸೂರ ಕಳಚಿದರು. “ನಡಿ ತಂಗಿ. ಆಪರೇಟರಮ್ಮ ನಿನ್ನೆ ಸಂಜೆ ತಂಗಿ ಮನೆಯಿಂದ ಬಂದಿದ್ದಾರೆ.”

ಅವರ ಅಂಗಡಿಗಳಿದ್ದ ಆ ಮೂರಂತಸ್ತಿನ ಕಟ್ಟಡದ ಮೇಲ್ಮಹಡಿಯಲ್ಲಿ ಎರಡೇ ಕೋಣೆಗಳು. ಒಂದು ಹ್ಯಾಮ್ ರೇಡಿಯೊ ಸಂಘದ, ಅಂದರೆ ಹವ್ಯಾಸಿ ರೇಡಿಯೊದವರ ಕೋಣೆ. ಇನ್ನೊಂದರಲ್ಲಿ ಆಪರೇಟರಮ್ಮನ ವಾಸ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಹೆಂಗಸು. ತಂತಿಯ ಗುಂಯ್‌ಗುಟ್ಟುವಿಕೆ ಕೇಳಿಯೇ ಕರೆ ಯಾವ ದಿಕ್ಕಿನಿಂದ ಬಂತು, ಮಾತಾಡುವವನು ನಿಂತಿದ್ದಾನೋ ಕೂತಿದ್ದಾನೋ ಎಂದು ಹೇಳುತ್ತಿದ್ದರಂತೆ. ಊರಿನಲ್ಲಿ ಏನಾದರೂ ಕಳೆದರೆ, ಯಾರಾದರೂ ಸುಳ್ಳು ಹೇಳಿದರೆ, ಜನ ಮೊದಲು ಅವರ ಮೆಟ್ಟಿಲು ಹತ್ತುತ್ತಿದ್ದರು. ಪೊಲೀಸ್ ಠಾಣೆಯ ಮೆಟ್ಟಿಲಿಗಿಂತ ಆ ಮೆಟ್ಟಿಲೇ ಹೆಚ್ಚು ಸವೆದಿತ್ತು. ಅಂಥ ಎಷ್ಟೋ ಸಲ ಅವರ ಹಿಂದೆ ಹಿಂದೆ ಚೀಲ ಹಿಡಿದು ನಡೆದವರು ಗಡಿಯಾರದವರು. ಮಾತು ಕಡಿಮೆ, ನೆನಪು ಜಾಸ್ತಿ.

ಆಪರೇಟರಮ್ಮ ಬಾಗಿಲ ತಿರುಗಣಿಗೆ ಎಣ್ಣೆ ಬಿಡುತ್ತಿದ್ದರು. ಕಾಗದ ಓದಲಿಲ್ಲ. “ನೀನೇ ಹೇಳು ಮಗಾ. ಕಾಗದಕ್ಕೆ ದನಿ ಇರಲ್ಲ” ಎಂದರು.

ಟೈಲರಕ್ಕ ಹೇಳಿದಳು. ಗಡಿಯಾರದವರಿಗೆ ಈ ವಿದ್ಯೆ ಅಷ್ಟಿಷ್ಟು ಗೊತ್ತಿತ್ತು. ಡಿಜಿಟಲ್ ಸಂದೇಶ ಎಂದರೆ ಮನುಷ್ಯ ಬಾಯಿ ಬಿಡುವ ಹಾಗೇ ಇಲ್ಲ. ಕಂಪ್ಯೂಟರು ಸಿಳ್ಳೆ ಹಾಕುತ್ತದೆ. ಸೌಂಡ್ ಬಾಕ್ಸ್ ಎಂಬ ಬೆಂಕಿಪೆಟ್ಟಿಗೆಯಷ್ಟು ಡಬ್ಬಿ ಆ ಸಿಳ್ಳೆಯನ್ನು ರೇಡಿಯೊಗೆ ದಾಟಿಸುತ್ತದೆ. ರೇಡಿಯೊ ಗಾಳಿಗೆ ಬಿಡುತ್ತದೆ. ಬೆಟ್ಟದ ಮೇಲಿನ ಕಂಪ್ಯೂಟರು ಅದನ್ನು ಹಿಡಿದು ಅಕ್ಷರ ಮಾಡಿಕೊಳ್ಳುತ್ತದೆ. ಹದಿನೈದು ಸೆಕೆಂಡು ಇವರ ಸರದಿ, ಹದಿನೈದು ಸೆಕೆಂಡು ಅವರ ಸರದಿ. ಗುಟ್ಟು ಇರುವುದೆಲ್ಲ ಲೆವೆಲ್‌ನಲ್ಲಿ. ಸಿಳ್ಳೆ ಮೆತ್ತಗಿದ್ದರೆ ಒಂದು ನೂಲಿನೆಳೆಯಷ್ಟು ಜಾಗ ಸಾಕು, ಐವತ್ತು ಜನ ಅಕ್ಕಪಕ್ಕ ಕೂತು ಮಾತಾಡಬಹುದು. ಜೋರಾದರೆ ಒಂದು ಸಿಳ್ಳೆ ಹತ್ತಾಗಿ ಒಡೆದು, ಅಕ್ಕಪಕ್ಕದವರ ಜಾಗಕ್ಕೆಲ್ಲ ಉಕ್ಕುತ್ತದೆ.

“ಹೊಲಿಗೆ ಮಿಷನ್ನಿನ ಎಳೆತದ ತಿರುಪು ಇದ್ದ ಹಾಗೆ” ಎಂದಳು ಟೈಲರಕ್ಕ. “ಜಾಸ್ತಿ ಆದ್ರೆ ಬಟ್ಟೆ ಎಲ್ಲ ಸುಕ್ಕು. ಅದಕ್ಕೇ ರೇಡಿಯೊ ಮೇಲೆ ಎ.ಎಲ್.ಸಿ. ಅಂತ ಒಂದು ಮುಳ್ಳಿದೆ. ಲೆವೆಲ್ ಮಿತಿಮೀರಿದ್ರೆ ಅದು ಏಳುತ್ತೆ. ಭಾನುವಾರ ಎಂಟಕ್ಕೇ ಬಂದು ನೋಡಿದೆ, ಮುಳ್ಳು ತಳದಲ್ಲಿ ಮಲಗಿತ್ತು. ಒಂಬತ್ತರವರೆಗೆ ಮೂರು ಬೆಟ್ಟದವರೂ ಚೆನ್ನಾಗಿ ಸಿಕ್ಕರು. ಒಂಬತ್ತೂ ಐದಕ್ಕೆ ಆಸ್ಪತ್ರೆ ನರ್ಸಮ್ಮ ಬಂದರು, ಡ್ಯೂಟಿಗೆ ಹೋಗೋ ಮೊದಲು ಯೂನಿಫಾರಂ ಸರಿಮಾಡಿಕೊಡು ಅಂತ. ಕಳಿಸೋದನ್ನ ನಿಲ್ಲಿಸಿ ಕೆಳಗೆ ಹೋದೆ. ಒಂಬತ್ತೂವರೆಗೆ ವಾಪಸ್ ಬಂದೆ. ಪರದೆ ಮೇಲೆ ನಾನು ಕಳಿಸದೇ ಇರೋ ಸಾಲುಗಳಿದ್ವು. ಒಂಬತ್ತೂ ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ.”

“ಬಾಗಿಲಿಗೆ ಬೀಗ ಹಾಕಿರಲಿಲ್ವಾ?”

“ಅಭ್ಯಾಸದ ದಿನ ಹಾಕೋ ಹಾಗಿಲ್ಲ ಅಂತ ಸಂಘದ ನಿಯಮ. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕಲ್ಲ. ನಾನೇ ಅದನ್ನ ಮಾಷ್ಟ್ರಿಗೆ ಹೇಳಿದೆ, ಯಾರೋ ಬಂದು ಕೂತಿದ್ದಾರೆ ಅಂತ. ಅದಕ್ಕವರು, ‘ನೀನೇ ಕೂಗಲು ಬಿಟ್ಟು ಹೋಗಿದ್ದೀಯ’ ಅಂತಾರೆ. ನರ್ಸಮ್ಮನ ಸಾಕ್ಷಿ ತಂದರೆ, ‘ಅದೇ ಅಲ್ಲವೇ ನಾನು ಹೇಳಿದ್ದು, ನೀನು ಜಾಗದಲ್ಲಿರಲಿಲ್ಲ’ ಅಂತಾರೆ. ಹಿಂದೆ ಹೋದರೆ ಒದೆಯುತ್ತೆ, ಮುಂದೆ ಬಂದರೆ ಹಾಯುತ್ತೆ.”

ಆಪರೇಟರಮ್ಮ ಎಣ್ಣೆ ಸೀಸೆಗೆ ಬಿರಡೆ ಹಾಕಿದರು. “ಸಂಘದಲ್ಲಿ ಈ ಯಂತ್ರದ ಮುಂದೆ ಕೂರೋರು ಯಾರ್ಯಾರು?”

“ನಾನು. ಹೆಡ್‌ಮಾಷ್ಟ್ರು. ಅವರ ಅಳಿಯ ಡ್ರೈವಿಂಗ್ ಸ್ಕೂಲಿನವರು. ಕಾಂಪೌಂಡರ್ ತಾತ ಕೂರಲ್ಲ, ಆದರೆ ಬಂದು ಬೈದು ಹೋಗ್ತಾರೆ. ‘ಕೈಯಿಂದ ಬಡಿಯೋ ಮೋರ್ಸ್ ಬಿಟ್ಟು ಈ ಗಿಳಿಶಾಸ್ತ್ರ ಯಾಕೆ, ಒಂದು ದಿನ ತಂತಿ ಎಲ್ಲ ಕಿತ್ತು ಬಿಸಾಕ್ತೀನಿ’ ಅಂತ ಹೋದ ವಾರ ಕೂಡ ಕೂಗಾಡಿದರು.”

ಮೂವರೂ ಪಕ್ಕದ ಕೋಣೆಗೆ ಹೋದರು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ರೇಡಿಯೊ, ಕಂಪ್ಯೂಟರು. ರೇಡಿಯೊದ ಗುಂಡಿಯ ಪಕ್ಕ ಟೈಲರಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೀಟು ಎಳೆದಿದ್ದಳು. ಗುಂಡಿ ಗೀಟಿಗೆ ಸರಿಯಾಗಿತ್ತು. ತಂತ್ರಾಂಶದ ಒಳಗಿನ ಲೆವೆಲ್ ಪಟ್ಟಿಯೂ ಅವಳು ಬಿಟ್ಟಲ್ಲೇ ಇತ್ತು. ಗಾಳಿಗೆ ಬಿಡದೆ ಪರೀಕ್ಷೆಗೆಂದು ಒಮ್ಮೆ ಸಿಳ್ಳೆ ಹಾಕಿಸಿದರೆ ಮುಳ್ಳು ಮಿಸುಕಲಿಲ್ಲ.

“ಇದೇ ನನ್ನ ಕುತ್ತಿಗೆಗೆ ಬಂದಿರೋದು” ಎಂದಳು. “ಯಾವುದೂ ಅಲುಗಾಡಿಲ್ಲ, ಅಂದ ಮೇಲೆ ಬೇರೆ ಯಾರೂ ಮುಟ್ಟಿಲ್ಲ ಅಂತಾರೆ.”

“ಗಡಿಯಾರದವರೇ, ನಿಮ್ಮ ಮಸೂರ ತಂದಿದ್ದೀರಾ?” ಎಂದರು ಆಪರೇಟರಮ್ಮ. “ಮುಟ್ಟಿಲ್ಲ ಅನ್ನೋ ಜಾಗ ಬಿಡಿ. ಮುಟ್ಟಿರೋ ಜಾಗ ಹುಡುಕಿ.”

ಗಡಿಯಾರದವರು ಮಂಡಿಯೂರಿ ಕೂತು ಕಂಪ್ಯೂಟರಿನ ಇಂಚಿಂಚೂ ನೋಡಿದರು. ಧೂಳು ಅವರ ಹಳೆಯ ಶತ್ರು, ಹಾಗಾಗಿ ಹಳೆಯ ಪರಿಚಯ. ಮುಂಭಾಗದಲ್ಲಿ ಯುಎಸ್‌ಬಿ ಕಿಂಡಿ ಒಂದೇ. ಅದರಲ್ಲಿ ಸೌಂಡ್ ಬಾಕ್ಸ್ ಸಿಕ್ಕಿಸಿತ್ತು. ಪಕ್ಕದ ಬದಿಯಲ್ಲಿ ಮೂರು ಕಿಂಡಿ. ಎರಡರೊಳಗೆ ಧೂಳು ಹತ್ತಿಯ ಹಾಗೆ ತುಂಬಿತ್ತು. ನಡುವಿನದು ಮಾತ್ರ ಹೊಳೆಯುತ್ತಿತ್ತು.

“ಈ ಬಾಯಿಗೆ ಇತ್ತೀಚೆಗೆ ಯಾರೋ ಏನೋ ತಿನ್ನಿಸಿದ್ದಾರೆ” ಎಂದರು.

ಟೈಲರಕ್ಕನ ಹುಬ್ಬು ಗಂಟಿಕ್ಕಿತು. ಕುರ್ಚಿ ಎಳೆದುಕೊಂಡು, ಕಂಪ್ಯೂಟರಿನ ಸದ್ದಿನ ಪಟ್ಟಿ ತೆರೆದು, ಬಿಚ್ಚಿಟ್ಟಿರುವ ಸಾಧನಗಳನ್ನೂ ತೋರಿಸು ಎಂದು ಒತ್ತಿದಳು. ಸೌಂಡ್ ಬಾಕ್ಸಿನ ಹೆಸರು ಇತ್ತು. ಅದರ ಕೆಳಗೆ, ಮಸುಕು ಬಣ್ಣದಲ್ಲಿ, ಅದೇ ಹೆಸರು ಇನ್ನೊಂದು ಸಲ. ಮುಂದೆ ‘2’ ಎಂಬ ಅಂಕಿ.

“ಅಯ್ಯೋ!” ಎಂದಳು. “ಸೌಂಡ್ ಬಾಕ್ಸನ್ನ ಬೇರೆ ಕಿಂಡಿಗೆ ಹಾಕಿದರೆ ಈ ಕಂಪ್ಯೂಟರಿಗೆ ಗುರುತೇ ಸಿಗಲ್ಲ ಅಮ್ಮಾ. ಯಾರೋ ಹೊಸಬರು ಅಂದುಕೊಂಡು ಹೊಸ ಹೆಸರಿಡುತ್ತೆ. ಹೊಸಬರಿಗೆ ಲೆವೆಲ್ ಎಷ್ಟು ಕೊಟ್ಟಿದೆ ನೋಡಿ. ನೂರಕ್ಕೆ ನೂರು! ನಾನು ಇಟ್ಟಿರೋದು ಇಪ್ಪತ್ತೆರಡು.”

“ಹಳೇ ಕಿಂಡಿಗೆ ವಾಪಸ್ ಹಾಕಿದರೆ?”

“ಹಳೇ ಹೆಸರು, ಹಳೇ ಲೆವೆಲ್. ಏನೂ ಆಗೇ ಇಲ್ಲ ಅನ್ನೋ ಹಾಗೆ.” ಅವಳು ಪಟ್ಟಿಯ ಮೇಲೆ ಬೆರಳಿಟ್ಟಳು. “ಆದರೆ ಸುಮ್ಮನೆ ಕಿಂಡಿ ಬದಲಾಯಿಸಿದರೆ ಕೆಲಸ ನಡೆಯಲ್ಲ. ತಂತ್ರಾಂಶ ಕೆಂಪು ಅಕ್ಷರದಲ್ಲಿ ‘ಸದ್ದಿನ ಸಾಧನ ಕಾಣ್ತಿಲ್ಲ’ ಅಂತ ಬಾಯಿ ಬಡ್ಕೊಳ್ಳುತ್ತೆ. ಪಟ್ಟಿಗೆ ಹೋಗಿ ಹೊಸ ಹೆಸರು ಆರಿಸಬೇಕು. ಹೋದ ತಿಂಗಳು ಸಂಘದಲ್ಲಿ ನಾನೇ ಪಾಠ ಮಾಡಿದ್ದೆ. ಹೆಸರು ಆರಿಸಿ, ಆಮೇಲೆ ಲೆವೆಲ್ ನೂರರಿಂದ ಇಳಿಸಿ, ಮುಳ್ಳು ನೋಡಿ ಅಂತ.”

“ಪಾಠಕ್ಕೆ ಯಾರಿದ್ದರು?”

“ಎಲ್ಲರೂ. ಕಾಂಪೌಂಡರ್ ತಾತ ಕೂಡ, ಬೈಯೋದಕ್ಕೆ. ಹೆಡ್‌ಮಾಷ್ಟ್ರು ಹೆಸರು ಆರಿಸೋವರೆಗೆ ಇದ್ದು, ‘ಇದೆಲ್ಲ ನನಗೆ ಗೊತ್ತಿರೋದೇ’ ಅಂತ ಎದ್ದು ಹೋದರು.”

ಆಪರೇಟರಮ್ಮ ಬೆಟ್ಟದ ಹವಾಮಾನ ಕೇಂದ್ರದವರಿಗೆ ಫೋನ್ ಮಾಡಿದರು. ಅಭ್ಯಾಸ ನಡೆಸಿದವರೂ, ದೂರು ಕೊಟ್ಟವರೂ ಅವರೇ. ಆ ಕಡೆಯಿಂದ ದನಿ ಗುಡುಗಿತು.

“ಏನು ಕೇಳ್ತೀರಮ್ಮಾ! ಪರದೆ ತುಂಬ ನಿಮ್ಮ ಸಂಘದ ಹೆಸರೇ, ನಿಮ್ಮ ಸಿಳ್ಳೆಯೇ. ನಮ್ಮ ಮೂರು ಬೆಟ್ಟದವರು ಬಾವಿಯಲ್ಲಿ ಬಿದ್ದೋರ ಹಾಗೆ ಕೂಗ್ತಾ ಇದ್ದಾರೆ, ಒಬ್ಬರ ಅಕ್ಷರವೂ ಮೂಡ್ತಿಲ್ಲ. ಎಂಟು ನಿಮಿಷ ತಡಕೊಂಡೆ. ಆಮೇಲೆ ನಿಮ್ಮ ಅಧ್ಯಕ್ಷರಿಗೆ ಫೋನ್ ಮಾಡಿದೆ, ಹೇಳಿದೆ, ನಿಂತಿತು. ಬೇರೆ ಯಾರಿಗೂ ನಾನು ಹೇಳಿಲ್ಲ, ಮರ್ಯಾದೆ ಇಟ್ಟುಕೊಂಡು. ರೆಕಾರ್ಡಿಂಗ್ ಇದೆ, ಕಳಿಸಲಾ?”

“ಕಳಿಸಿ. ನಾಲ್ಕು ಗಂಟೆಗೆ ನೀವೂ ಬನ್ನಿ. ಫೋನನ್ನೂ ತನ್ನಿ.”

ರೆಕಾರ್ಡಿಂಗುಗಳು ಟೈಲರಕ್ಕನ ಫೋನಿಗೆ ಬಂದವು. ಒಂದೊಂದು ಸರದಿಗೂ ಒಂದೊಂದು ತುಣುಕು, ಶುರುವಾದ ಗಂಟೆ ನಿಮಿಷ ಸೆಕೆಂಡುಗಳೇ ಅದರ ಹೆಸರು. ಕೊನೆಯದು ಒಂಬತ್ತು ಇಪ್ಪತ್ತೆರಡು ಮೂವತ್ತು. ಆಪರೇಟರಮ್ಮ ಕಣ್ಣು ಮುಚ್ಚಿ ಕೇಳಿದರು. ಸೀಳಿದ ಸಿಳ್ಳೆ, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಅದರ ನಡುವೆ ಥಟ್ಟನೆ ಎರಡು ಸ್ವರ, ಮೇಲಿನದೊಂದು, ಕೆಳಗಿನದೊಂದು. ಮತ್ತೆ ಸಿಳ್ಳೆ. ಆಮೇಲೆ ಕತ್ತರಿಸಿದ ಹಾಗೆ ಮೌನ.

“ಇದೇನು ಮಗಾ, ಈ ಟಿಣ್-ಟುಣ್?”

“ಕಂಪ್ಯೂಟರಿಂದ ಏನನ್ನಾದರೂ ಕಿತ್ತರೆ ಅದು ಹಾಕೋ ಸದ್ದು. ಸಿಕ್ಕಿಸಿದರೆ ಸ್ವರ ಏರುತ್ತೆ, ಕಿತ್ತರೆ ಇಳಿಯುತ್ತೆ. ಆದರೆ ಇದು ರೇಡಿಯೊಗೆ ಹೋಗೋ ಹಾಗೇ ಇಲ್ಲ. ನಾನು ಅದನ್ನ ಸ್ಪೀಕರಿಗೆ ಕಟ್ಟಿದ್ದೆ.” ಅವಳು ಹಣೆ ಚಚ್ಚಿಕೊಂಡಳು. “ಹೊಸ ಸೌಂಡ್ ಬಾಕ್ಸ್ ಬಂತು ಅಂದುಕೊಂಡು ಕಂಪ್ಯೂಟರು ತನ್ನ ಸದ್ದನ್ನೆಲ್ಲ ಅದಕ್ಕೇ ಕಳಿಸಿದೆ! ಅದೂ ಗಾಳಿಗೆ ಹೋಗಿದೆ.”

“ಗಡಿಯಾರದವರೇ, ಸೆಕೆಂಡು ಹಿಡೀರಿ.”

ಗಡಿಯಾರದವರು ಮೂರು ಸಲ ಹಾಕಿಸಿ, ತಮ್ಮ ಸ್ಟಾಪ್‌ವಾಚಿನಲ್ಲಿ ಹಿಡಿದರು. ಟಿಣ್-ಟುಣ್ ಮೂರನೇ ಸೆಕೆಂಡಿಗೆ. ಮೌನ ಒಂಬತ್ತನೇ ಸೆಕೆಂಡಿಗೆ. ಹದಿನೈದು ಸೆಕೆಂಡಿನ ಸರದಿ ಮುಗಿಯಲು ಇನ್ನೂ ಆರು ಬಾಕಿ ಇತ್ತು.

ಆಮೇಲೆ ಊರು ಸುತ್ತಿದರು. ಕಾಂಪೌಂಡರ್ ತಾತ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದರು.

“ಹೌದು, ಭಾನುವಾರ ಒಂಬತ್ತೂ ಕಾಲಿಗೆ ಮೆಟ್ಟಿಲು ಹತ್ತಿದ್ದೆ. ಒಳಗೆ ಆ ಯಂತ್ರದ ಗೂಬೆ ಕೂಗ್ತಿತ್ತು. ಬಾಗಿಲು ಅರ್ಧ ಮುಚ್ಚಿತ್ತು. ಗೂಬೆ ಇರೋ ಕಡೆ ನನಗೇನು ಕೆಲಸ? ವಾಪಸ್ ಬಂದೆ.”

“ನಿಮ್ಮ ಫೋನ್ ಯಾವುದು ತಾತ?”

“ನನ್ನ ಹತ್ತಿರ ಫೋನೇ ಇಲ್ಲ. ನನ್ನ ಜೊತೆ ಮಾತಾಡಬೇಕಾದವರು ಎದುರಿಗೆ ಬಂದು ಬೈಸಿಕೊಳ್ಳಲಿ.”

ಡ್ರೈವಿಂಗ್ ಸ್ಕೂಲಿನವರು ಬೊನೆಟ್ಟಿನ ಮೇಲೆ ತಲೆ ಇಟ್ಟುಕೊಂಡು ನಿಂತಿದ್ದರು. “ಭಾನುವಾರ ಒಂಬತ್ತಕ್ಕಾ? ಈ ಗೋಡೆ ಮುಂದೆ ನಿಂತಿದ್ದೆ. ಹಿಂದಕ್ಕೆ ತಗೋ ಅಂದ್ರೆ ಕಲಿಯೋರು ಇಷ್ಟು ಹಿಂದಕ್ಕೆ ತಗೊಂಡರು” ಎಂದು ಕುಸಿದ ಕಾಂಪೌಂಡ್ ತೋರಿಸಿದರು. ಗೋಡೆಯ ಯಜಮಾನ ಒಳಗಿನಿಂದಲೇ ಕೂಗಿದ: “ಹತ್ತೂವರೆವರೆಗೂ ಇಲ್ಲೇ ಇದ್ರು! ಇಟ್ಟಿಗೆ ತರಿಸೋವರೆಗೆ ನಾನು ಬಿಡ್ತೀನಾ?”

ಹೆಡ್‌ಮಾಷ್ಟ್ರು ಮನೆಯ ಜಗುಲಿಯಲ್ಲಿ ಫೋನ್ ನೋಡುತ್ತ ಕೂತಿದ್ದರು. ಆ ಫೋನಿಗೆ ವಯಸ್ಸಾಗಿತ್ತು. ಗೋಡೆಯಿಂದ ಬಂದ ಚಾರ್ಜರ್ ತಂತಿ ಅದರ ಹೊಕ್ಕುಳಿಗೆ ಅಂಟಿಕೊಂಡೇ ಇತ್ತು. ಅವರು ಎದ್ದು ನಿಲ್ಲಲಿಲ್ಲ.

“ಬೆಟ್ಟದವರ ಫೋನ್ ಬಂದಾಗ ಎಲ್ಲಿದ್ರಿ ಮಾಷ್ಟ್ರೇ?” ಎಂದರು ಆಪರೇಟರಮ್ಮ.

“ಕ್ಷೌರದಂಗಡಿಯಲ್ಲಿ. ಮುಖದ ತುಂಬ ನೊರೆ. ಕುರ್ಚಿಯಲ್ಲಿ ಕೂತೇ ಮಾತಾಡಿದೆ.”

“ತಕ್ಷಣ ಟೈಲರಕ್ಕನಿಗೆ ಫೋನ್ ಮಾಡಿ ನಿಲ್ಲಿಸು ಅನ್ನಲಿಲ್ವಾ?”

“ಇಲ್ಲ. ಯಾರಿಗೂ ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಸಂಘದ ಮಾನದ ಪ್ರಶ್ನೆ. ಹತ್ತು ಗಂಟೆಗೆ ನಾನೇ ಖುದ್ದಾಗಿ ಹೋದೆ.” ಆಮೇಲೆ ಗಡಿಯಾರದವರ ಕಡೆ ತಿರುಗಿದರು. “ನೀವು ಯಾಕ್ರೀ ಇದರಲ್ಲಿ? ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇದು ವಿಜ್ಞಾನದ ವಿಷಯ.”

ಗಡಿಯಾರದವರು ತಲೆ ತಗ್ಗಿಸಿದರು. ತಮ್ಮ ಇಬ್ಬರು ಮಕ್ಕಳೂ ಈ ಮನುಷ್ಯನ ಕೈಯಲ್ಲಿ ಕಲಿತವರು. ಆ ಹಳೆಯ ಅಳುಕು ಇನ್ನೂ ಬೆನ್ನಲ್ಲೇ ಕೂತಿತ್ತು. ಕ್ಷೌರದಂಗಡಿಗೆ ಹೋಗಿ ಕೇಳಿದರೆ, “ಬಂದಿದ್ರು. ಎಷ್ಟು ಹೊತ್ತಿಗೆ ಅಂದ್ರೆ? ಬೆಳಿಗ್ಗೆ ಹೊತ್ತಿಗೆ!” ಎಂದ ಕ್ಷೌರಿಕ. ಅವನ ಗೋಡೆ ಗಡಿಯಾರ ನಾಲ್ಕೂವರೆಗೆ ನಿಂತು ಎಷ್ಟು ತಿಂಗಳಾಗಿತ್ತೋ.

ನಾಲ್ಕು ಗಂಟೆಗೆ ರೇಡಿಯೊ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಬೆಟ್ಟದವರು ಬೂಟಿನ ಮಣ್ಣು ಝಾಡಿಸುತ್ತ ಬಂದರು. ಕಾಂಪೌಂಡರ್ ತಾತ ಬಾಗಿಲ ಬಳಿ ಕೂತರು, ಬೇಕೆನಿಸಿದರೆ ಎದ್ದು ಹೋಗಲು. ಅಳಿಯ ಕಿಟಕಿಗೆ ಒರಗಿದರು. ಹೆಡ್‌ಮಾಷ್ಟ್ರು ಎಲ್ಲರಿಗೂ ಎದುರಾಗಿ, ತರಗತಿಗೆ ಕೂತ ಹಾಗೆ, ಕಾಗದವನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟರು.

“ಕಾಲಹರಣ ಬೇಡ. ಸಹಿ ಮಾಡಮ್ಮ. ಮಾಡದಿದ್ದರೆ ಸಂಘದಿಂದಲೇ ತೆಗೆಯಬೇಕಾಗುತ್ತೆ.”

“ತೆಗೀರಿ” ಎಂದಳು ಟೈಲರಕ್ಕ. “ತೆಗೆದರೂ ನಾನು ಮಾಡಿದ್ದು ಆಗಲ್ಲ.”

ಆಪರೇಟರಮ್ಮ ಕಾಗದದ ಮೇಲೆ ಅಂಗೈ ಇಟ್ಟರು. “ಐದಕ್ಕೆ ಇನ್ನೂ ಒಂದು ಗಂಟೆ ಇದೆ ಮಾಷ್ಟ್ರೇ. ಅಲ್ಲಿಯವರೆಗೆ ಕೇಳಿಸಿಕೊಳ್ಳಿ. ಮೊದಲನೇದು, ಯಾವ ಗುಂಡಿಯೂ ಅಲುಗದೆ ಲೆವೆಲ್ ಏರಿದ್ದು ಹೇಗೆ?”

ಅವರು ಬಿಡಿಸಿ ಹೇಳಿದರು. ಮುಂದಿನ ಕಿಂಡಿಯಿಂದ ಸೌಂಡ್ ಬಾಕ್ಸ್ ಬದಿಯ ಕಿಂಡಿಗೆ ಹೋದದ್ದು, ಒರೆಸಿದ ಧೂಳು, ಮಸುಕು ಅಕ್ಷರದ ಎರಡನೇ ಹೆಸರು, ನೂರಕ್ಕೆ ನೂರು ಲೆವೆಲ್. ಟೈಲರಕ್ಕ ಎಲ್ಲರ ಮುಂದೆ ಸೌಂಡ್ ಬಾಕ್ಸನ್ನು ಬದಿಯ ಕಿಂಡಿಗೆ ಹಾಕಿ, ಹೊಸ ಹೆಸರು ಆರಿಸಿ, ಪರೀಕ್ಷೆಯ ಸಿಳ್ಳೆ ಬಿಟ್ಟಳು. ಎ.ಎಲ್.ಸಿ. ಮುಳ್ಳು ಎಗರಿ ಬಲತುದಿಗೆ ಬಡಿಯಿತು. ಬೆಟ್ಟದವರು ಕುರ್ಚಿಯಿಂದ ಎದ್ದೇಬಿಟ್ಟರು. “ಇದೇ! ಇದೇ ಗಲಾಟೆ!”

“ಅವಳೇ ಕಿಂಡಿ ಬದಲಾಯಿಸಿರಬಹುದಲ್ಲ” ಎಂದರು ಹೆಡ್‌ಮಾಷ್ಟ್ರು.

“ಯಾಕೆ ಬದಲಾಯಿಸ್ತಾಳೆ? ಎಂಟರಿಂದ ಒಂಬತ್ತೂ ಐದರವರೆಗೆ ಮೂರು ಬೆಟ್ಟದವರಿಗೂ ಅವಳ ಸಿಳ್ಳೆ ನೂಲಿನ ಹಾಗೆ ಕೇಳಿದೆ. ಮುಂದಿನ ಕಿಂಡಿ ಯಾರಿಗೆ ಬೇಕಿತ್ತು? ಕೂತಲ್ಲಿಂದ ಕೈಗೆಟಕೋದು ಅದೊಂದೇ. ಯಾರೋ ಅದಕ್ಕೆ ತಮ್ಮ ವಸ್ತು ಸಿಕ್ಕಿಸಬೇಕಿತ್ತು. ಅದೇನು ಅನ್ನೋದನ್ನ ಇದು ಹೇಳುತ್ತೆ.”

ರೆಕಾರ್ಡಿಂಗ್ ಹಾಕಿದರು. ಟಿಣ್-ಟುಣ್. ಸಿಳ್ಳೆ. ಮೌನ.

“ಯಂತ್ರವನ್ನ ಕೂಗಲು ಬಿಟ್ಟು ಹೋಗಿದ್ದಾಳೆ ಅಂದ್ರಿ. ಆದರೆ ಈ ಕ್ಷಣದಲ್ಲಿ ಇಲ್ಲಿ ಒಂದು ಕೈ ಇತ್ತು. ಅದು ಏನನ್ನೋ ಕಿತ್ತಿತು. ಆರು ಸೆಕೆಂಡು ಆದ ಮೇಲೆ, ಸರದಿ ಮುಗಿಯೋ ಮೊದಲೇ, ಸಿಳ್ಳೆಯ ಕತ್ತು ಹಿಸುಕಿತು. ಸುಮ್ಮನೆ ನಿಲ್ಲಿಸೋರು ಸರದಿ ಮುಗಿಸಿ ನಿಲ್ಲಿಸ್ತಾರೆ. ಗಾಬರಿ ಆದವರು ಮಾತ್ರ ಹೀಗೆ ನಡುವೆ ಕಡಿಯೋದು. ಬೆಟ್ಟದವರೇ, ನಿಮ್ಮ ಫೋನಿನಲ್ಲಿ ಅಧ್ಯಕ್ಷರಿಗೆ ಮಾಡಿದ ಕರೆ ಎಷ್ಟು ಗಂಟೆಗೆ?”

ಬೆಟ್ಟದವರು ಫೋನ್ ತಿರುಗಿಸಿ ತೋರಿಸಿದರು. “ಒಂಬತ್ತು ಇಪ್ಪತ್ತೆರಡು.”

“ಕಾಕತಾಳೀಯ” ಎಂದರು ಹೆಡ್‌ಮಾಷ್ಟ್ರು. ದನಿ ಒಂದು ಮೆಟ್ಟಿಲು ಏರಿತ್ತು. “ಅವರ ಕಂಪ್ಯೂಟರಿನ ಗಡಿಯಾರ ಸರಿ ಇತ್ತು ಅನ್ನೋದಕ್ಕೆ ಏನು ಗ್ಯಾರಂಟಿ? ಐದು ನಿಮಿಷ ಹಿಂದೆ ಮುಂದೆ ಇರಬಹುದು.”

ಆಪರೇಟರಮ್ಮ ಗಡಿಯಾರದವರ ಕಡೆ ನೋಡಿದರು. ಗಡಿಯಾರದವರು ಎದ್ದು ನಿಂತರು.

“ನಾನು ಓದಿದ್ದು ನಾಲ್ಕನೇ ಕ್ಲಾಸೇ ಮಾಷ್ಟ್ರೇ. ವಿಜ್ಞಾನ ಗೊತ್ತಿಲ್ಲ. ಆದರೆ ಸೆಕೆಂಡು ಗೊತ್ತು. ಈ ಡಿಜಿಟಲ್ ಆಟದಲ್ಲಿ ಎರಡು ಗಡಿಯಾರಗಳ ನಡುವೆ ಎರಡು ಮೂರು ಸೆಕೆಂಡು ವ್ಯತ್ಯಾಸ ಬಂದರೂ ಒಂದಕ್ಷರ ಮೂಡಲ್ಲ. ಅದಕ್ಕೇ ಕಂಪ್ಯೂಟರಿನ ಟೈಮು ಸರಿಯಾಗಿದೆಯಾ ಅಂತ ಪ್ರತಿ ವಾರ ತಂಗಿ ನನ್ನ ಹತ್ತಿರ ಕೇಳ್ಕೊಂಡು ಹೋಗ್ತಾಳೆ. ಬೆಟ್ಟದವರ ಪರದೆ ಮೇಲೆ ಒಂಬತ್ತು ಇಪ್ಪತ್ತೆರಡರವರೆಗೂ ನಮ್ಮ ಸಂಘದ ಹೆಸರು ಅಕ್ಷರ ಅಕ್ಷರವಾಗಿ ಮೂಡಿದೆ. ಅಂದ ಮೇಲೆ ಅವರ ಗಡಿಯಾರ ಸರಿ ಇತ್ತು. ನಮ್ಮದೂ ಸರಿ ಇತ್ತು. ಐದು ನಿಮಿಷದ ಮಾತೇ ಇಲ್ಲ. ನೀವು ಬೇಕಾದರೆ ನನ್ನನ್ನ ನಂಬಬೇಡಿ. ಸೆಕೆಂಡು ಯಾರ ಮುಲಾಜಿಗೂ ನಿಲ್ಲಲ್ಲ.”

ಅಷ್ಟು ಉದ್ದದ ಮಾತನ್ನು ಅವರು ಮಕ್ಕಳ ಮದುವೆಯಲ್ಲೂ ಆಡಿರಲಿಲ್ಲ. ಕಾಂಪೌಂಡರ್ ತಾತ ತೊಡೆ ತಟ್ಟಿ, “ಭಲೇ!” ಎಂದರು.

“ಈಗ ಲೆಕ್ಕ ಕೂಡಿಸಿ” ಎಂದರು ಆಪರೇಟರಮ್ಮ. “ನಿಲ್ಲಿಸಿ ಅಂತ ಬೆಟ್ಟದವರು ಹೇಳಿದ್ದು ಒಬ್ಬರಿಗೆ, ನಿಮಗೆ. ನೀವು ಬೇರೆ ಯಾರಿಗೂ ಹೇಳಲಿಲ್ಲ. ಇದು ನಿಮ್ಮ ಬಾಯಿಂದಲೇ ಬಂದ ಮಾತು, ಗಡಿಯಾರದವರೂ ಕೇಳಿದ್ದಾರೆ. ಆದರೂ ಹೇಳಿದ ಮರುಗಳಿಗೆ ಈ ಕೋಣೆಯಲ್ಲಿ ಸಿಳ್ಳೆ ನಿಂತಿತು. ನೀವು ಕ್ಷೌರದಂಗಡಿಯಲ್ಲಿ ನೊರೆ ಬಳಿದುಕೊಂಡು ಕೂತಿದ್ದರೆ, ಇಲ್ಲಿದ್ದವರ ಕಿವಿಗೆ ಸುದ್ದಿ ಊದಿದ್ದು ಯಾರು?”

ಹೆಡ್‌ಮಾಷ್ಟ್ರು ಬಾಗಿಲ ಕಡೆ ನೋಡಿದರು. ಆಪರೇಟರಮ್ಮ ಬಿಡಲಿಲ್ಲ.

“ನಾನು ಹೇಳ್ತೀನಿ. ತಾತನ ಹತ್ತಿರ ಫೋನಿಲ್ಲ. ನಿಮ್ಮ ಅಳಿಯ ಗೋಡೆ ಮುಂದೆ ನಿಂತಿದ್ದರು. ನಿಮ್ಮ ಫೋನು ಚಾರ್ಜ್ ಇಲ್ಲದೆ ಅರ್ಧ ಗಂಟೆ ಬದುಕಲ್ಲ. ಟೈಲರಕ್ಕ ಕೆಳಗಿಳಿದಿದ್ದನ್ನ ನೋಡಿ ನೀವು ಬಂದಿರಿ. ಫೋನ್ ಸಿಕ್ಕಿಸೋದಕ್ಕೆ ಮುಂದಿನ ಕಿಂಡಿ ಬೇಕಿತ್ತು, ಅಲ್ಲಿದ್ದ ಡಬ್ಬಿ ಕಿತ್ತು ಬದಿಗೆ ಹಾಕಿದ್ರಿ. ಕೆಂಪು ಅಕ್ಷರ ಬಂತು. ಪಾಠದಲ್ಲಿ ನೀವು ಕೂತಿದ್ದಷ್ಟು ಭಾಗ ನೆನಪಿತ್ತು, ಹೆಸರು ಆರಿಸಿದ್ರಿ. ಎದ್ದು ಹೋದ ಭಾಗದಲ್ಲಿ ಲೆವೆಲ್ ಇತ್ತು. ಎಂಟು ನಿಮಿಷ ಕೂಗಿದ್ರಿ. ಫೋನ್ ಬಡ್ಕೊಂಡಿತು. ತಂತಿ ಗಿಡ್ಡ, ಕಿವಿಗೆ ಎಟಕಲ್ಲ, ಕಿತ್ತು ಎತ್ತಿಕೊಂಡ್ರಿ. ಟಿಣ್-ಟುಣ್. ಬೆಟ್ಟದವರು ವಿಷಯ ಹೇಳೋದಕ್ಕೆ ಹಿಡಿದದ್ದು ಆರು ಸೆ‌ಕೆಂಡು. ಆಮೇಲೆ ಎಲ್ಲ ಇದ್ದ ಹಾಗೆ ಜೋಡಿಸಿ, ನೆಟ್ಟಗೆ ಕ್ಷೌರದಂಗಡಿಗೆ ಹೋದ್ರಿ.”

ಕೊನೆಗೆ ಹೆಡ್‌ಮಾಷ್ಟ್ರು ಕನ್ನಡಕ ತೆಗೆದರು.

“ಮೂವತ್ತೈದು ವರ್ಷ ಪಾಠ ಮಾಡಿದವನು ನಾನು. ನಿಕ್ಕರ್ ಹೊಲಿಯೋಳ ಹತ್ತಿರ ಹೋಗಿ ‘ಲೆವೆಲ್ ಹೇಗಿಡಬೇಕು’ ಅಂತ ಕೇಳಬೇಕಿತ್ತೇ?”

“ಕೇಳಿದ್ದರೆ ಹೇಳ್ತಿದ್ದೆ” ಎಂದಳು ಟೈಲರಕ್ಕ. “ಲೆವೆಲ್ ಏರಿದ್ದು ತಪ್ಪು, ಅದು ಯಾರ ಕೈಯಲ್ಲೂ ಆಗುತ್ತೆ. ಅದನ್ನ ತಂದು ನನ್ನ ಕುತ್ತಿಗೆಗೆ ಕಟ್ಟಿದ್ರಲ್ಲ, ಅದಕ್ಕೆ ಯಾವ ಗುಂಡಿ ತಿರುಗಿಸೋಣ?”

ಹೆಡ್‌ಮಾಷ್ಟ್ರು ಕಾಗದವನ್ನು ಎತ್ತಿ ಎರಡಾಗಿ ಹರಿದರು. “ಆಯಿತು. ಇಲ್ಲಿಗೆ ಬಿಡೋಣ. ನಮ್ಮ ನಮ್ಮಲ್ಲೇ ಮುಗಿಸಿಕೊಳ್ಳೋಣ. ಬೆಟ್ಟದವರೇ, ತಾಂತ್ರಿಕ ದೋಷ ಅಂತ ಒಂದು ಸಾಲು ಬರೆದುಬಿಡಿ. ಎಲ್ಲರ ಮಾನವೂ ಉಳಿಯುತ್ತೆ.”

ಬೆಟ್ಟದವರು ಕೆಮ್ಮಿದರು. ಅಳಿಯ ಮಾವನ ಮುಖ ನೋಡಿದರು, ನೆಲ ನೋಡಿದರು. ಕೋಣೆಯಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಸಮಾಧಾನ ಇಳಿಯತೊಡಗಿತು. ಗಡಿಯಾರದವರಿಗೂ ಒಂದು ಕ್ಷಣ ಅನಿಸಿತು, ಹೋಗಲಿ, ಹಿರಿಯರು, ಸಾಕು ಎಂದು.

“ಬೇಡ” ಎಂದಳು ಟೈಲರಕ್ಕ.

ಅವಳು ಮೇಜಿನ ಮೇಲಿದ್ದ ಖಾಲಿ ಹಾಳೆಗಳಲ್ಲಿ ಒಂದನ್ನು ತೆಗೆದು ಅವರ ಮುಂದೆ ಇಟ್ಟಳು. ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

“ಎರಡು ದಿನ ಈ ಬೀದಿಯವರೆಲ್ಲ ನನ್ನ ಹೆಸರು ಹೇಳಿಕೊಂಡು ತಿರುಗಿದರು. ತಾಂತ್ರಿಕ ದೋಷಕ್ಕೆ ಆಗ ಹೆಸರಿತ್ತು. ಈಗ ಯಾಕೆ ಇಲ್ಲ? ಬರೀರಿ ಮಾಷ್ಟ್ರೇ. ಯಾರು ಬಂದಿದ್ದು, ಯಾರು ಕಿತ್ತಿದ್ದು, ಯಾರು ಸುಳ್ಳು ಹೇಳಿದ್ದು. ಐದರ ವರದಿ ಜೊತೆ ಹೋಗಲಿ.”

“ನಾನು ಅಧ್ಯಕ್ಷ ಕಣಮ್ಮ.”

“ಅದನ್ನೂ ಬರೀರಿ.”

ಹೆಡ್‌ಮಾಷ್ಟ್ರು ಅಳಿಯನ ಕಡೆ ನೋಡಿದರು. ಅಳಿಯ ಕಿಟಕಿಯಿಂದ ಕದಲದೆ, “ಬರೆಯಿರಿ ಮಾವ” ಎಂದರು. “ಈ ಕೇಂದ್ರದ ಕೀಲಿ ನನಗೆ ಕೊಡಿಸಬೇಕು ಅಂತಿದ್ರಲ್ಲ, ಅದು ನನಗೆ ಬೇಡ.”

ಪೆನ್ನು ಹಾಳೆಯ ಮೇಲೆ ನಿಧಾನವಾಗಿ ಹರಿಯತೊಡಗಿತು. ಬರೆದು ಮುಗಿಸಿ ಮುಂದೆ ತಳ್ಳಿದರು. ಟೈಲರಕ್ಕ ನಿಂತುಕೊಂಡೇ ಓದಿ, ಮಡಚದೆ ವಾಪಸ್ ಇಟ್ಟಳು.

“ಫೋನ್ ಸಿಕ್ಕಿಸಿದ್ದು ಇದೆ, ಲೆವೆಲ್ ಏರಿದ್ದು ಇದೆ. ಸುಳ್ಳು ಹೇಳಿದ್ದು ಬಿಟ್ಟುಹೋಗಿದೆ.”

ಅವರು ಅವಳನ್ನು ದಿಟ್ಟಿಸಿದರು. ಅವಳೂ ದಿಟ್ಟಿಸಿದಳು. ಮೊದಲು ಕಣ್ಣು ಇಳಿಸಿದವರು ಅವರು. ಇನ್ನೆರಡು ಸಾಲು ಸೇರಿಸಿ, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಐದಕ್ಕೆ ಹತ್ತು ನಿಮಿಷವಿರುವಾಗ ಬೆಟ್ಟದವರು ಆ ಹಾಳೆಯನ್ನು ವರದಿಯ ಜೊತೆ ಲಕೋಟೆಗೆ ಹಾಕಿ ಮೆಟ್ಟಿಲು ಇಳಿದರು. ಟೈಲರಕ್ಕ ಸೌಂಡ್ ಬಾಕ್ಸನ್ನು ಅದರ ಜಾಗಕ್ಕೆ ಹಾಕಿ, ಲೆವೆಲ್ ನೋಡಿ, ಮುಳ್ಳು ನೋಡಿ, ಹೆಡ್‌ಮಾಷ್ಟ್ರು ಕೂತಿದ್ದ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಳು.

“ಏಳಿ ಮಾಷ್ಟ್ರೇ. ಮೂರು ಬೆಟ್ಟದವರು ಇನ್ನೂ ಉತ್ತರಕ್ಕೆ ಕಾಯ್ತಿದ್ದಾರೆ.”

ಅವರು ಎದ್ದರು. ಅವಳು ಕೂತಳು.